ಸಂಘವೇನು ಅಂಗಡಿಯೆ?

ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಮ್ಮ ಭಾನುವಾರದ ಕೂಟದ ಮನವಿಯೊಂದು ತಿರಸ್ಕೃತವಾಯಿತು. ಮನವಿ ದೊಡ್ಡದೇನಲ್ಲ. ವಿದ್ಯುನ್ಮಾನ ವಾದ್ಯಗಳನ್ನು ಕೈಯಾರೆ ಕಟ್ಟುವ ನಾವು ಹದಿನಾಲ್ಕು ಮಂದಿ ಬೇಕಾದ ಬಿಡಿಭಾಗಗಳನ್ನು ಒಟ್ಟಾಗಿ ತರಿಸಿಕೊಳ್ಳುತ್ತೇವೆ; ಹಣವನ್ನು ಸಂಘದ ಖಾತೆಯ ಮೂಲಕ ಪಾವತಿ ಮಾಡಲು ಅವಕಾಶ ಕೊಡಿ, ಬಂದ ಸಾಮಾನನ್ನು ಇಡಲು ವಾಚನಾಲಯದ ಮೂಲೆಯಲ್ಲಿ ಖಾಲಿ ಬಿದ್ದಿರುವ ಕಪಾಟು ಕೊಡಿ ಎಂದಷ್ಟೇ ಕೇಳಿದ್ದೆವು. ಸಂಘದ ಬೊಕ್ಕಸದಿಂದ ಬಿಡಿಗಾಸನ್ನೂ ಕೇಳಿರಲಿಲ್ಲ. ಉತ್ತರ ಒಂದೇ ವಾಕ್ಯದಲ್ಲಿ ಬಂತು: “ಸಂಘವೇನು ಅಂಗಡಿಯೆ?”

ಕೇಳಿದವರು ಹಿರಿಯರು. ಅವರ ಮೇಲೆ ನಮಗೆ ಗೌರವವಿದೆ. ಆದರೆ ಪ್ರಶ್ನೆಯನ್ನು ಕೇಳಿ, ಉತ್ತರಕ್ಕೆ ಕಾಯದೆ, ಸಭೆ ಮುಂದಿನ ವಿಷಯಕ್ಕೆ ಹೋದ ಕಾರಣ ಆ ಉತ್ತರವನ್ನು ಈ ಪುಟಗಳಲ್ಲಿ ಬರೆಯಬೇಕಾಗಿ ಬಂದಿದೆ. ಜಾಗ ಕೊಟ್ಟ ಸಂಪಾದಕರಿಗೆ ಉಪಕಾರ.

ಮೊದಲು ನಾವು ಕಟ್ಟುವುದು ಏನನ್ನು ಎಂದು ಹೇಳಿಬಿಡುವುದು ಒಳ್ಳೆಯದು. ನಾವು ರೇಡಿಯೋ ರಿಪೇರಿ ಮಾಡುತ್ತೇವೆಂದು ಕೆಲವರೂ, ಗಣೇಶೋತ್ಸವಕ್ಕೆ ಎದೆ ನಡುಗಿಸುವ ಡಿಜೆ ಪೆಟ್ಟಿಗೆ ತಯಾರಿಸುತ್ತೇವೆಂದು ಇನ್ನು ಕೆಲವರೂ ತಿಳಿದಿದ್ದಾರೆ. ನಾವು ಕಟ್ಟುವುದು ಸಿಂಥಸೈಜರು. ನಾದ ಹುಟ್ಟಿಸುವ ಆಸಿಲೇಟರು ಒಂದು ಹಲಗೆಯ ಮೇಲೆ, ಅದನ್ನು ಸೋಸುವ ಫಿಲ್ಟರು ಇನ್ನೊಂದರ ಮೇಲೆ, ಏರಿಳಿಸುವ ಆಂಪ್ಲಿಫೈಯರು ಮತ್ತೊಂದರ ಮೇಲೆ. ಇವುಗಳ ನಡುವೆ ತಂತಿ ಚುಚ್ಚಿ ಬೇಕಾದ ಧ್ವನಿಯನ್ನು ಕಟ್ಟಿಕೊಳ್ಳಬೇಕು. ೧೯೬೦ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೂಗ್ ರೂಢಿಗೆ ತಂದ ಏರ್ಪಾಡಿನಂತೆ, ವೋಲ್ಟೇಜು ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಒಂದು ವೋಲ್ಟು. ನಡುವೆ ಮೆಟ್ಟಿಲುಗಳಿಲ್ಲ, ಜಾರುಬಂಡೆ ಮಾತ್ರ. ಆದ್ದರಿಂದ ಹಾರ್ಮೋನಿಯಮ್ಮಿನಲ್ಲಿ ಆಗದ ಮೀಂಡು, ಗಮಕಗಳು ಇದರಲ್ಲಿ ಆಗುತ್ತವೆ.

ಆದರೆ ಈ ಜಾರುಬಂಡೆಯ ಕೆಳಗೆ ಒಂದು ಪೇಚಾಟವಿದೆ. ನಮ್ಮ ಮನವಿಯ ಅರ್ಧ ಜೀವ ಅದರಲ್ಲೇ ಇರುವುದರಿಂದ, ವಿಜ್ಞಾನದ ಹೆಸರು ಕೇಳಿದೊಡನೆ ಪುಟ ತಿರುಗಿಸುವ ಓದುಗರು ಐದು ನಿಮಿಷ ತಾಳ್ಮೆಯಿಂದಿರಬೇಕು. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರುಗಳ ನಡುವೆ ಸುಮಾರು ೧೮ ಮಿಲಿವೋಲ್ಟು ಹೆಚ್ಚಿಸಿದರೆ ಅದರಲ್ಲಿ ಹರಿಯುವ ಪ್ರವಾಹ ಇಮ್ಮಡಿಯಾಗುತ್ತದೆ. ಇಮ್ಮಡಿ ಎಂದರೆ ಒಂದು ಸ್ಥಾಯಿ; ಸಂಗೀತಕ್ಕೆ ಬೇಕಾದ ಗಣಿತವನ್ನು ಟ್ರಾನ್ಸಿಸ್ಟರು ಹುಟ್ಟಿನಿಂದಲೇ ಬಲ್ಲದು. ಆದರೆ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದೇ ವೋಲ್ಟೇಜು ಸುಮಾರು ೨ ಮಿಲಿವೋಲ್ಟು ಜಾರುತ್ತದೆ. ಹದಿನೆಂಟಕ್ಕೆ ಹನ್ನೆರಡು ಸ್ವರಸ್ಥಾನಗಳಾದರೆ ಎರಡಕ್ಕೆ ಎಷ್ಟು ಎಂದು ನಮ್ಮ ಬಾಲವಿಹಾರದ ಮಕ್ಕಳೂ ಲೆಕ್ಕ ಹಾಕಬಲ್ಲರು: ಒಂದು ಸ್ವರಸ್ಥಾನ, ಮೇಲೆ ಮೂರನೆಯ ಒಂದು ಪಾಲು. ಅಂದರೆ ಒಂದೇ ಡಿಗ್ರಿ ಸೆಖೆಗೆ ಷಡ್ಜವು ಶುದ್ಧ ರಿಷಭವನ್ನೂ ದಾಟಿ ಹೋಗಿ ನಿಲ್ಲುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಅದು ಎಲ್ಲಿಗೆ ಹೋದೀತೆಂದು ನೀವೇ ಊಹಿಸಬಹುದು.

ಇದಕ್ಕೆ ಮದ್ದು ಎರಡು. ಗುಣದಲ್ಲಿ ಅವಳಿಗಳಂತಿರುವ ಎರಡು ಟ್ರಾನ್ಸಿಸ್ಟರುಗಳನ್ನು ಒಂದಕ್ಕೊಂದು ಅಂಟಿಸಿ ಎದುರುಬದುರು ಜೋಡಿಸಿದರೆ ಒಂದರ ಜಾರಾಟವನ್ನು ಇನ್ನೊಂದು ಹೊಡೆದುಹಾಕುತ್ತದೆ. ಅಷ್ಟಾದರೂ ಆ ಹದಿನೆಂಟು ಮಿಲಿವೋಲ್ಟು ಇದೆಯಲ್ಲ, ಅದೂ ಉಷ್ಣತೆಯೊಡನೆ ಬೆಳೆಯುತ್ತದೆ. ಕೋಣೆಯ ಉಷ್ಣತೆ ಕೆಲ್ವಿನ್ ಮಾನದಲ್ಲಿ ಸುಮಾರು ೩೦೦ ಆದ್ದರಿಂದ ಡಿಗ್ರಿಗೆ ಮುನ್ನೂರರಲ್ಲಿ ಒಂದು ಪಾಲು. ಸಣ್ಣದೆಂದು ಬಿಟ್ಟರೆ, ಶ್ರುತಿ ಕೂಡಿಸಿದ ಸ್ವರದಿಂದ ಎರಡು ಸ್ಥಾಯಿ ಮೇಲೆ, ಪೆಟ್ಟಿಗೆಯೊಳಗೆ ಐದು ಡಿಗ್ರಿ ಬಿಸಿ ಏರಿದಾಗ, ಅರ್ಧ ಸ್ವರಸ್ಥಾನದ ಹತ್ತಿರ ಹತ್ತಿರ ತಪ್ಪುತ್ತದೆ. ಧಾರವಾಡದ ಕಡೆಯ ಕಿವಿ ಅದನ್ನು ಕ್ಷಮಿಸುವುದಿಲ್ಲ. ಹೀಗಾಗಿ ಉಷ್ಣತೆಯ ಜೊತೆಗೆ ಅದೇ ಪ್ರಮಾಣದಲ್ಲಿ, ಎಂದರೆ ಹತ್ತು ಲಕ್ಷಕ್ಕೆ ೩೩೦೦ರಂತೆ, ತಾನೂ ಬೆಳೆಯುವ ವಿಶೇಷ ರೆಸಿಸ್ಟರೊಂದನ್ನು ಹಾಕಬೇಕು. ಬಳಗದ ಭಾಷೆಯಲ್ಲಿ ಅದರ ಹೆಸರು ಟೆಂಪ್ಕೋ. ಅಕ್ಕಿಕಾಳಿನಷ್ಟು ಸಾಮಾನು. ಅದಿಲ್ಲದಿದ್ದರೆ ಇಡೀ ವಾದ್ಯ ಅಪಸ್ವರ.

ಈಗ ಈ ಅಕ್ಕಿಕಾಳನ್ನು ಹುಡುಕಿಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ. ಕಾಗದದಲ್ಲಿ ಅದು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಯಾರನ್ನು ಕೇಳಿದರೂ ಹಳೆಯ ಹೆಸರನ್ನೇ ಹೇಳುತ್ತಾರೆ. ೫೫೫ ಟೈಮರು ಬೇಕೆ, ಬಿಸಿ ೫೪೭ ಟ್ರಾನ್ಸಿಸ್ಟರು ಬೇಕೆ, ಕಾಲು ವಾಟಿನ ರೆಸಿಸ್ಟರು ನೂರರ ಕಟ್ಟಿನಲ್ಲಿ ಬೇಕೆ, ಬಾಯಿ ಮುಚ್ಚುವುದರೊಳಗೆ ಕೈಗೆ ಬರುತ್ತದೆ. ಟೆಂಪ್ಕೋ ಎಂದರೆ ಹುಡುಗ ಒಳಗಿನ ಸೇಠನ ಮುಖ ನೋಡುತ್ತಾನೆ, ಸೇಠ ಫ್ಯಾನಿನ ಮುಖ ನೋಡುತ್ತಾನೆ. ಅಂಗಡಿಯವನದು ತಪ್ಪಲ್ಲ. ವರ್ಷಕ್ಕೆ ಮೂರು ಜನ ಕೇಳುವ ಸಾಮಾನಿಗೆ ಅವನೇಕೆ ಬಂಡವಾಳ ಹಾಕಬೇಕು? ಪುಣೆಯ ತಾಪ್ಕೀರ್ ಗಲ್ಲಿ, ಚೆನ್ನೈನ ರಿಚಿ ಸ್ಟ್ರೀಟ್, ದಿಲ್ಲಿಯ ಲಾಜಪತ್ ರಾಯ್ ಮಾರ್ಕೆಟ್, ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆ, ಎಲ್ಲಿಗೆ ಹೋದರೂ ನಮ್ಮ ಮಿತ್ರರು ಬರೆಯುವ ಕಥೆ ಇದೇ.

ಉಳಿದ ದಾರಿ ಪರದೇಶದಿಂದ ತರಿಸುವುದು. ಲೆಕ್ಕಕ್ಕಾಗಿ ಒಂದು ಟೆಂಪ್ಕೋವಿಗೆ ೧೦೦ ರೂಪಾಯಿ, ಪೊಟ್ಟಣದ ಸಾಗಾಟಕ್ಕೆ ೧೫೦೦ ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬನೇ ಎರಡು ತರಿಸಿದರೆ ಒಂದಕ್ಕೆ ೮೫೦ ರೂಪಾಯಿ ಬೀಳುತ್ತದೆ. ಹದಿನಾಲ್ಕು ಮಂದಿ ತಲಾ ಎರಡರಂತೆ ಇಪ್ಪತ್ತೆಂಟನ್ನು ಒಂದೇ ಪೊಟ್ಟಣದಲ್ಲಿ ತರಿಸಿದರೆ ೧೫೪ ರೂಪಾಯಿಯೊಳಗೆ ಮುಗಿಯುತ್ತದೆ. ಸುಂಕ ಬೇರೆ, ಸುಂಕ ಕಟ್ಟಿಸಿಕೊಟ್ಟದ್ದಕ್ಕೆ ಕೊರಿಯರಿನವರು ಪೊಟ್ಟಣಕ್ಕೊಂದರಂತೆ ಕೀಳುವ ಶುಲ್ಕ ಬೇರೆ. ಅದೂ ಹದಿನಾಲ್ಕು ಪಾಲಾಗುತ್ತದೆ. ಈ ಲೆಕ್ಕದಲ್ಲಿ ವ್ಯಾಪಾರ ಎಲ್ಲಿದೆ? ಲಾಭ ಯಾರಿಗೆ? ಅಂಗಡಿಯೆಂದರೆ ಕೊಂಡದ್ದನ್ನು ಹೆಚ್ಚಿಗೆ ಮಾರುವ ಸ್ಥಳ. ನಾವು ಕೊಂಡದ್ದನ್ನು ಕೊಂಡ ಬೆಲೆಗೇ ಹಂಚಿಕೊಳ್ಳುತ್ತೇವೆ.

ಇದನ್ನು ಹೊಸ ಕಾಲದ ಹುಚ್ಚು ಎನ್ನುವವರಿಗೆ ಗದಗಿನ ಬಳಿಯ ಕಣಗಿನಹಾಳವನ್ನು ನೆನಪಿಸಬೇಕೆ? ೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, ೧೯೦೫ರಲ್ಲಿ, ಸಿದ್ದನಗೌಡ ಪಾಟೀಲರು ಆ ಹಳ್ಳಿಯಲ್ಲಿ ಕಟ್ಟಿದ್ದು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಯಿತು. ಒಬ್ಬೊಬ್ಬನಾಗಿ ಹೋದರೆ ಸಾಹುಕಾರನ ಬಾಗಿಲಲ್ಲಿ ಕುಗ್ಗಬೇಕಾದವನು ಹತ್ತು ಜನರೊಡನೆ ನಿಂತರೆ ಕುಗ್ಗಬೇಕಾಗಿಲ್ಲ ಎಂಬ ಬುದ್ಧಿ ನಮ್ಮ ಒಕ್ಕಲುಗಳಿಗೆ ನೂರಿಪ್ಪತ್ತು ವರ್ಷದ ಹಿಂದೆಯೇ ಹೊಳೆದಿತ್ತು. ಅದೂ ಇರಲಿ, ನಮ್ಮ ಸಂಘವನ್ನೇ ನೋಡಿ. ಪ್ರತಿ ಬೇಸಗೆ ಬ್ಯಾಡಗಿ ಮೆಣಸಿನಕಾಯಿಯ ಮೂಟೆಗಳು ಇದೇ ಸಭಾಭವನದ ಜಗಲಿಯ ಮೇಲೆ ಇಳಿಯುತ್ತವೆ. ತಕ್ಕಡಿ ಬರುತ್ತದೆ, ಪಟ್ಟಿ ಬರುತ್ತದೆ, ಮಹಿಳಾ ವಿಭಾಗದವರು ಕಿಲೋ ಲೆಕ್ಕದಲ್ಲಿ ಹಂಚುತ್ತಾರೆ; ಎರಡು ದಿನ ಸಂಘಕ್ಕೆ ಕಾಲಿಟ್ಟವರೆಲ್ಲ ಸೀನುತ್ತಾರೆ. ರಾಜ್ಯೋತ್ಸವಕ್ಕೆ ಇಳಕಲ್ ಸೀರೆಯ ಮೇಜು ಹಾಕುತ್ತೇವೆ. ಆಗೆಲ್ಲ ಸಂಘ ಅಂಗಡಿಯಾಗಲಿಲ್ಲ. ರೆಸಿಸ್ಟರಿನ ಹೆಸರೆತ್ತಿದೊಡನೆ ಆಗಿಬಿಟ್ಟಿತು.

ಖಜಾಂಚಿಯವರ ಆಕ್ಷೇಪ ಬೇರೆ ಬಗೆಯದು, ಮತ್ತು ಅದರಲ್ಲಿ ತೂಕವಿದೆ. ಹಣದ ವಿಷಯದಲ್ಲಿ ಜಗಳವಾದರೆ ಸಂಘದ ಹೆಸರು ಕೆಡುತ್ತದೆ ಎಂದರು. ನಿಜ, ಒಟ್ಟು ಖರೀದಿಗಳಲ್ಲಿ ಜಗಳಗಳಾಗಿವೆ. ಬೇರೊಂದು ನಗರದ ಗುಂಪೊಂದರಲ್ಲಿ (ಹೆಸರು ಬೇಡ) ಒಬ್ಬರು ಇಪ್ಪತ್ತು ಜನರಿಂದ ಹಣ ಕೂಡಿಸಿ ಎಂಟು ತಿಂಗಳು “ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿದೆ” ಎನ್ನುತ್ತಲೇ ಇದ್ದರು. ನಮ್ಮವರಿಬ್ಬರ ಹಣವೂ ಅದರಲ್ಲಿತ್ತು. ಕೊನೆಗೆ ಸಾಮಾನು ಬಂತು, ಅರ್ಧ. ಉಳಿದರ್ಧದ ಲೆಕ್ಕ ಇವತ್ತಿಗೂ ಇಲ್ಲ. ಆ ಮನುಷ್ಯ ಕಳ್ಳನೆಂದು ನಾವು ಹೇಳುವುದಿಲ್ಲ. ಬಹುಶಃ ತನ್ನ ಹಣ ಯಾವುದು, ಗುಂಪಿನ ಹಣ ಯಾವುದು ಎಂಬುದು ಅವರಿಗೇ ತಿಳಿಯದೆ ಹೋಗಿರಬೇಕು. ಮೊಬೈಲಿನ ಮೂಲಕ ಸ್ವಂತ ಖಾತೆಗೆ ಬಂದ ಹಣ, ಅದೇ ಖಾತೆಯಿಂದ ಮನೆಯ ದಿನಸಿ, ಅದೇ ಖಾತೆಯಿಂದ ಮಗನ ಫೀಜು. ಪುಸ್ತಕವಿಲ್ಲ, ರಸೀದಿಯಿಲ್ಲ, ಕೇಳುವವರಿಲ್ಲ.

ಖಜಾಂಚಿಯವರು ಇದನ್ನು ನಮ್ಮ ಮನವಿಯ ವಿರುದ್ಧದ ಸಾಕ್ಷಿಯೆಂದು ಎಣಿಸಿದ್ದಾರೆ. ನಾವು ಇದನ್ನೇ ಮನವಿಯ ಪರವಾದ ಸಾಕ್ಷಿಯೆನ್ನುತ್ತೇವೆ. ಸಂಘದ ಖಾತೆ ಬೇಕೆಂದು ಕೇಳಿದ್ದು ಇದೇ ಕಾರಣಕ್ಕೆ. ನೋಂದಾಯಿತ ಸಂಸ್ಥೆ, ಎರಡು ಸಹಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ, ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲು ಕಾದಿರುವ ಹತ್ತು ಮಂದಿ ಹಿರಿಯರು. ಇಷ್ಟು ಕಾವಲು ಯಾವ ವ್ಯಕ್ತಿಯ ಖಾತೆಗೆ ಇದೆ? ಕೇಂದ್ರ ಸರಕಾರದ ಕಚೇರಿಯ ಉಗ್ರಾಣ ವಿಭಾಗದಲ್ಲಿ ಹದಿನೆಂಟು ವರ್ಷ ಕಡತ ಹೊತ್ತ ನಮಗೆ ಮೂರು ದರಪಟ್ಟಿ ತರಿಸುವುದು, ತುಲನಾ ಪಟ್ಟಿ ಬರೆಯುವುದು, ಬಂದ ಸಾಮಾನನ್ನು ಇಬ್ಬರು ಸಾಕ್ಷಿಗಳ ಎದುರು ಬಿಚ್ಚಿ ಎಣಿಸಿ ದಾಸ್ತಾನು ಪುಸ್ತಕಕ್ಕೆ ಏರಿಸುವುದು ಉಸಿರಾಟದಷ್ಟು ಅಭ್ಯಾಸವಾಗಿದೆ. ಸರಕಾರಿ ನಿಧಾನವನ್ನು ಕಂಡು ನಗುವವರು ನಗಲಿ. ನಿಧಾನದ ಹಿಂದೆ ಪ್ರತಿಯೊಂದು ರೂಪಾಯಿಗೂ ಒಂದು ಕಾಗದವಿರುತ್ತದೆ.

ನಮ್ಮ ಬಳಗದವರಿಗೂ ಇಲ್ಲಿಯೇ ಎರಡು ಮಾತು ಹೇಳಬೇಕು, ಸಮಿತಿಯನ್ನಷ್ಟೇ ಬಯ್ದರೆ ನ್ಯಾಯವಾಗುವುದಿಲ್ಲ. ಪಟ್ಟಿ ಬರೆಯುವ ದಿನ “ನನಗೆ ಹತ್ತು ಹಾಕಿ” ಎಂದು ದೊಡ್ಡ ದನಿಯಲ್ಲಿ ಹೇಳಿ, ಹಣ ಕೊಡುವ ದಿನ ಫೋನು ಎತ್ತದವರು ಇದ್ದಾರೆ. ಅವರಿಂದಾಗಿ ಇಪ್ಪತ್ತೆಂಟರ ದರ ಹದಿನೆಂಟರ ದರವಾಗಿ, ಉಳಿದವರೆಲ್ಲರ ಲೆಕ್ಕ ತಲೆಕೆಳಗಾಗುತ್ತದೆ. ರಾತ್ರಿ ಹನ್ನೊಂದರವರೆಗೆ ಕುಳಿತು ಚಿಮುಟದಲ್ಲಿ ಸಾಮಾನು ಎಣಿಸಿ ಪೊಟ್ಟಣ ಕಟ್ಟುವವನನ್ನು “ಇದರಲ್ಲಿ ನಿಮಗೆಷ್ಟು ಉಳಿಯಿತು ಸಾರ್?” ಎಂದು ಕೇಳುವವರೂ ಇದ್ದಾರೆ. ಇನ್ನೊಂದು ಜಾತಿಯವರು ಎಲ್ಲರ ಜೊತೆ ಅಗ್ಗದಲ್ಲಿ ತರಿಸಿಕೊಂಡು, ಸಾಮಾನು ಮಾರುಕಟ್ಟೆಯಲ್ಲಿ ಸಿಗದಂತಾಗುವವರೆಗೆ ಡಬ್ಬಿಯಲ್ಲಿಟ್ಟು, ಆಮೇಲೆ ನಾಲ್ಕು ಪಟ್ಟು ಬೆಲೆಗೆ ಮಾರುತ್ತಾರೆ. ನಮ್ಮ ಕರಡು ನಿಯಮದಲ್ಲಿ ಪೂರ್ತಿ ಹಣ ಮುಂಗಡ ಬಾರದೆ ಹೆಸರು ಪಟ್ಟಿಗೆ ಏರುವುದಿಲ್ಲ. ಆರ್ಡರು ಹೋದ ಮೇಲೆ ಹಿಂದೆ ಸರಿದವನ ಪಾಲು ಕಪಾಟಿಗೆ ಸೇರುತ್ತದೆ. ಮಾರಿಕೊಂಡವನಿಗೆ ಮುಂದಿನ ಖರೀದಿಯಲ್ಲಿ ಜಾಗವಿಲ್ಲ. ಮಿಕ್ಕ ಚಿಲ್ಲರೆ ಪೈಸೆಯವರೆಗೆ ವಾಪಸು. ಸಮಿತಿ ಈ ಕರಡನ್ನು ಓದಿದ್ದರೆ ಚೆನ್ನಾಗಿತ್ತು. ಮನವಿಯ ಎರಡನೆಯ ಪುಟದಲ್ಲೇ ಇತ್ತು.

ಹಣದ ಉಳಿತಾಯವೊಂದೇ ಅಲ್ಲ. ಮೇಲೆ ಹೇಳಿದ ಅವಳಿ ಟ್ರಾನ್ಸಿಸ್ಟರುಗಳನ್ನು ಆರಿಸುವ ಬಗೆ ನೋಡಿ. ಒಂದೆರಡು ರೂಪಾಯಿಯ ಬಿಸಿ ೫೪೭ಗಳನ್ನು ಒಂದೇ ತಯಾರಿಯ ಗುಂಪಿನಿಂದ ನೂರು ಕೊಂಡು, ಒಂದೊಂದಕ್ಕೂ ಒಂದೇ ಪ್ರಮಾಣದ ಪ್ರವಾಹ ಹರಿಸಿ, ವೋಲ್ಟೇಜನ್ನು ಮಿಲಿವೋಲ್ಟಿನವರೆಗೆ ಬರೆದಿಟ್ಟು, ಸಮನಾದವನ್ನು ಜೋಡಿ ಮಾಡಬೇಕು. ಬೆರಳಿನಿಂದ ಮುಟ್ಟಿದರೆ ಮೈಬಿಸಿಗೆ ಅಂಕಿ ಓಡುತ್ತದೆ. ಮುಟ್ಟಿದ ಮೇಲೆ ಆರುವವರೆಗೆ ಕಾಯಬೇಕು. ಒಬ್ಬನಿಗೆ ಬೇಕಾದದ್ದು ಎರಡು ಜೋಡಿ. ಅದಕ್ಕಾಗಿ ಅವನೊಬ್ಬನೇ ನೂರನ್ನು ಅಳೆದು, ತೊಂಬತ್ತಾರನ್ನು ಏನು ಮಾಡಬೇಕು? ಹದಿನಾಲ್ಕು ಮಂದಿ ಕುಳಿತರೆ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ, ಎಲ್ಲರಿಗೂ ಜೋಡಿ ಸಿಗುತ್ತದೆ, ನಡುವೆ ಎರಡು ಸಲ ಚಹಾ ಆಗುತ್ತದೆ.

ನಕಲಿ ಸಾಮಾನಿನ ಕಾಟವೂ ಇದೆ. ಬೇರೆ ಯಾವುದೋ ಚಿಪ್ಪಿನ ಬೆನ್ನನ್ನು ಉಜ್ಜಿ, ಕಪ್ಪು ಬಳಿದು, ಬೇಡಿಕೆಯಿರುವ ಹೆಸರನ್ನು ಮೇಲೆ ಅಚ್ಚುಹಾಕಿ ಮಾರುತ್ತಾರೆ. ತಯಾರಿಕೆ ನಿಂತುಹೋದ ಚಿಪ್ಪುಗಳಲ್ಲಿ ಈ ಮೋಸ ಹೆಚ್ಚು. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಕೆಲವು ಬಣ್ಣ ಬಿಡುತ್ತವೆ, ಎಲ್ಲವೂ ಬಿಡುವುದಿಲ್ಲ. ಎರಡೇ ಚಿಪ್ಪು ತರಿಸಿದ ಒಂಟಿ ಬಡಪಾಯಿ ಯಾವುದನ್ನು ಒರೆಸಿ ನೋಡಿಯಾನು? ಇಪ್ಪತ್ತೆಂಟು ಬಂದಾಗ ಎರಡನ್ನು ಪರೀಕ್ಷೆಗೆ ಬಲಿ ಕೊಡಬಹುದು. ಮಾರುವವನೊಡನೆ ಜಗಳವಾಡಲೂ ಇಪ್ಪತ್ತೆಂಟಕ್ಕೆ ಬೇರೆ ದನಿ ಬರುತ್ತದೆ.

ಒಂದು ಚಿಪ್ಪು ಸಿಗುವುದು, ಸಿಗದಿರುವುದು ಸಂಗೀತದ ಚರಿತ್ರೆಯನ್ನೇ ತಿರುಗಿಸಿದ್ದುಂಟು. ಜಪಾನಿನ ರೋಲಂಡ್ ಕಂಪನಿಯ ಇಕುತಾರೊ ಕಕೆಹಾಶಿ ೧೯೮೦ರಲ್ಲಿ ಟಿಆರ್-೮೦೮ ಎಂಬ ತಾಳಯಂತ್ರವನ್ನು ತಂದಾಗ, ಅದರ ಸರ್ರೆನ್ನುವ ಸದ್ದಿಗಾಗಿ ಬೇರೆಯವರು ದೋಷಯುಕ್ತವೆಂದು ತೆಗೆದಿಟ್ಟ ಟ್ರಾನ್ಸಿಸ್ಟರುಗಳನ್ನೇ ಬೇಕೆಂದು ಕೊಂಡರು. ತಯಾರಿಕೆ ಸುಧಾರಿಸಿ ದೋಷದ ಟ್ರಾನ್ಸಿಸ್ಟರುಗಳು ಸಿಗದಂತಾದದ್ದು ೧೯೮೩ರಲ್ಲಿ ಆ ಯಂತ್ರ ನಿಲ್ಲಲು ಒಂದು ಕಾರಣವಾಯಿತೆಂದು ಅವರೇ ಹೇಳಿದ್ದಾರೆ. ಡಗ್ ಕರ್ಟಿಸ್ ರೂಪಿಸಿದ ಸಿಇಎಂ ೩೩೪೦ ಎಂಬ ಆಸಿಲೇಟರ್ ಚಿಪ್ಪು ೧೯೮೦ರ ದಶಕದ ಎಷ್ಟೋ ಹೆಸರಾಂತ ವಾದ್ಯಗಳ ಹೃದಯವಾಗಿತ್ತು; ಮುಂದೆ ನಿಂತುಹೋಯಿತು, ಹಳೆಯ ದಾಸ್ತಾನಿಗೆ ಚಿನ್ನದ ಬೆಲೆ ಬಂತು. ಅವರು ೨೦೦೭ರಲ್ಲಿ ತೀರಿಕೊಂಡರು. ೨೦೧೬ರಲ್ಲಿ ಚಿಪ್ಪು ಮತ್ತೆ ತಯಾರಾಗತೊಡಗಿತು. ಲಾಟ್ವಿಯಾದ ರೀಗಾ ನಗರದ ಆಲ್ಫಾ ಕಾರ್ಖಾನೆಯೂ ಅದರ ಪ್ರತಿರೂಪವನ್ನು ಮಾಡುತ್ತಿದೆ. ಇನ್ನು ೨೦೨೦ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕಾದಲ್ಲಿ ಅಸಾಹಿ ಕಸೇಯಿ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಧ್ವನಿ ಪರಿವರ್ತಕ ಚಿಪ್ಪುಗಳಿಗೆ ಜಗತ್ತಿನಾದ್ಯಂತ ಬರ ಬಂತು. ದೊಡ್ಡ ಕಂಪನಿಗಳೇ ಸಾಲಿನಲ್ಲಿ ನಿಂತವು. ಚಿಲ್ಲರೆ ಕೊಳ್ಳುವವನನ್ನು ಆಗ ಕೇಳುವವರಾರು?

ಈಗ ಸಂಸ್ಕೃತಿಯ ಆಕ್ಷೇಪ. ಇದು ನಮ್ಮ ಸಂಗೀತವಲ್ಲ, ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂದವರಿದ್ದಾರೆ. ಹಾರ್ಮೋನಿಯಮ್ಮನ್ನೂ ಹೀಗೆಯೇ ಅನ್ನುತ್ತಿದ್ದರು. ೧೯೪೦ರಿಂದ ೧೯೭೧ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಅಷ್ಟು ವರ್ಷವೂ ನಮ್ಮ ಕಂಪನಿ ನಾಟಕಗಳು ಕಾಲ್ಪೆಟ್ಟಿಗೆಯಿಲ್ಲದೆ ಪರದೆ ಎತ್ತಲಿಲ್ಲ. ಸಂಘದ ಶುಕ್ರವಾರದ ಭಜನೆಯಲ್ಲಿ ಮೇಜಿನ ಮೇಲೆ ಕುಳಿತು ಮಿಡಿಯುವ ವಿದ್ಯುನ್ಮಾನ ತಂಬೂರಿ ಯಾರದು? ೧೯೭೯ರಲ್ಲಿ ಬೆಂಗಳೂರಿನಲ್ಲಿ ಅದನ್ನು ಕಟ್ಟಿದವರು ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್, ಅವರ ರಾಡೆಲ್ ಇಂದು ಸಂಗೀತದ ಮನೆಗಳಲ್ಲಿ ಮನೆಮಾತು. ಇದೇ ಮುಂಬಯಿಯಲ್ಲಿ ಚರಣ್‌ಜಿತ್ ಸಿಂಗ್ ೧೯೮೨ರಲ್ಲಿ ರೋಲಂಡಿನ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳ ಧ್ವನಿಮುದ್ರಿಕೆಯೊಂದನ್ನು ಮಾಡಿದರು. ಆಗ ಯಾರೂ ತಿರುಗಿ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪರದೇಶದವರು ಅದನ್ನು ಹುಡುಕಿ ಬೆರಗಾದರು.

“ಮೊಬೈಲಿನಲ್ಲೇ ಎಲ್ಲ ವಾದ್ಯವೂ ಇದೆಯಲ್ಲ, ಈ ಉಸಾಬರಿ ಯಾಕೆ?” ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಾಟುಂಗಾದ ಹೋಟೆಲಿನಲ್ಲಿ ಇಡ್ಲಿಯೂ ಇದೆ. ಆದರೂ ಮನೆಯಲ್ಲಿ ಹಿಟ್ಟು ರುಬ್ಬುವುದನ್ನು ಯಾವ ಸಮಿತಿಯೂ ತಿರಸ್ಕರಿಸಿಲ್ಲ.

ಸಮಿತಿಯ ವಾರ್ಷಿಕ ವರದಿಯಲ್ಲಿ ಪ್ರತಿವರ್ಷ ತಪ್ಪದೆ ಬರುವ ಒಂದು ವಾಕ್ಯವಿದೆ: ಯುವಜನರು ಸಂಘದ ಕಡೆ ಸುಳಿಯುತ್ತಿಲ್ಲ ಎಂಬುದು. ಭಾನುವಾರ ನಾಲ್ಕು ಗಂಟೆಗೆ ಹಿಂದಿನ ಕೋಣೆಗೆ ಬಂದು ನೋಡಿ. ಹದಿನಾಲ್ವರಲ್ಲಿ ಒಂಬತ್ತು ಮಂದಿ ಇಪ್ಪತ್ತೈದರ ಒಳಗಿನವರು, ಮುಲುಂಡ್, ಡೊಂಬಿವಿಲಿಗಳಲ್ಲಿ ಹುಟ್ಟಿ ಬೆಳೆದವರು. ನಾಡಹಬ್ಬಕ್ಕೆ ತಂದೆತಾಯಿ ಎಳೆದರೂ ಬಾರದ ಮಕ್ಕಳು ಇಲ್ಲಿಗೆ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಬರುತ್ತಾರೆ. ಮನೆಯಲ್ಲಿ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರಿಸುವ ಹುಡುಗಿಯೊಬ್ಬಳು ಮೊನ್ನೆ “ಅಣ್ಣಾ, ಬೆಸುಗೆ ಸರಿಯಾಗಿ ಕೂತಿಲ್ಲ, ಇನ್ನೊಮ್ಮೆ ಕಾಯಿಸಿ” ಎಂದು ನಮಗೇ ಅಪ್ಪಣೆ ಮಾಡಿದಳು. ಕಳೆದ ಎರಡು ತಿಂಗಳಿಂದ ಇವರ ಹಲಗೆಗಳೆಲ್ಲ ಅರ್ಧಕ್ಕೆ ನಿಂತಿವೆ. ಟೆಂಪ್ಕೋ ಇಲ್ಲ. ಒಬ್ಬೊಬ್ಬರೇ ತರಿಸಿಕೊಳ್ಳಿ ಎಂದರೆ ಕಾಲೇಜಿನ ಹುಡುಗರು ಅಕ್ಕಿಕಾಳಿಗೆ ೮೫೦ ರೂಪಾಯಿ ಎಲ್ಲಿಂದ ತಂದಾರು? ಮೊದಲು ಇಬ್ಬರು ಬಿಟ್ಟರು, ಕಳೆದ ವಾರ ಇನ್ನೊಬ್ಬ ಬರಲಿಲ್ಲ.

ಮುಂದಿನ ತಿಂಗಳ ಸಭೆಗೆ ಮನವಿಯನ್ನು ಮತ್ತೆ ಮಂಡಿಸುತ್ತಿದ್ದೇವೆ. ಜೊತೆಗೆ ಮೂರು ದರಪಟ್ಟಿ, ತುಲನಾ ಪಟ್ಟಿ, ಕರಡು ನಿಯಮ, ಸದಸ್ಯರ ಹೆಸರು ಮತ್ತು ತಲಾ ಪಾಲಿನ ಮೊತ್ತ ಇವೆ. ಖಜಾಂಚಿಯವರಿಗೆ ಬೇಕಾದರೆ ಕಪಾಟಿಗೆ ಎರಡು ಬೀಗ ಹಾಕೋಣ, ಒಂದರ ಕೀಲಿ ಅವರ ಬಳಿಯೇ ಇರಲಿ. ದರಪಟ್ಟಿಗಳ ವಾಯಿದೆ ತಿಂಗಳ ಕೊನೆಯವರೆಗೆ ಮಾತ್ರ.